ಹೆಣ್ಣಾಗಿ ಓಡಿ ಗಂಡಾಗಿ ಬಾಳಿದವರು

ಶಿಖಂಡಿಯ ಹೆಸರು ನಮ್ಮಲ್ಲಿ ಬೈಗುಳವಾಗಿ ಉಳಿದಿದೆ. ಅಂಜುಬುರುಕನನ್ನೂ ಮರೆಯಲ್ಲಿ ನಿಂತು ಹೊಡೆಯುವವನನ್ನೂ ಜನ ಆ ಹೆಸರಿನಿಂದ ಕರೆಯುತ್ತಾರೆ. ಭಾರತವನ್ನು ಓದಿದವರಿಗೆ ಇದು ಅನ್ಯಾಯವೆಂದು ತೋರದೆ ಇರದು. ಹತ್ತನೆಯ ದಿನದ ಯುದ್ಧದಲ್ಲಿ ಮರೆಯಲ್ಲಿ ನಿಂತವನು ಅರ್ಜುನ. ಶಿಖಂಡಿ ಭೀಷ್ಮನ ಎದುರಿಗೇ ನಿಂತವನು.

ಅವನ ಕಥೆ ಉದ್ಯೋಗಪರ್ವದ ಕೊನೆಯಲ್ಲಿ ಬರುತ್ತದೆ. ದ್ರುಪದನಿಗೆ ಹುಟ್ಟಿದ್ದು ಹೆಣ್ಣು ಕೂಸು. ತಾಯಿತಂದೆಗಳು ಗಂಡೆಂದು ಸಾರಿದರು, ಗಂಡಿನಂತೆಯೇ ಸಾಕಿದರು. ಮಗು ದ್ರೋಣನಲ್ಲಿ ಬಿಲ್ವಿದ್ಯೆ ಕಲಿಯಿತು. ದಶಾರ್ಣದ ಅರಸು ಹಿರಣ್ಯವರ್ಮನ ಮಗಳನ್ನು ತಂದು ಮದುವೆ ಮಾಡಿದ ಮೇಲೆ ಗುಟ್ಟು ಹೊರಬಿದ್ದಿತು. ಮಾವ ದಂಡೆತ್ತಿ ಹೊರಟ. ತನ್ನಿಂದ ತವರಿಗೆ ಕೇಡು ಬಂತೆಂದು ಶಿಖಂಡಿ ಸಾಯಲು ಕಾಡು ಸೇರಿದಾಗ ಸ್ಥೂಣಾಕರ್ಣನೆಂಬ ಯಕ್ಷ ಮರುಕಗೊಂಡು ತನ್ನ ಗಂಡುತನವನ್ನು ಸ್ವಲ್ಪ ಕಾಲಕ್ಕೆಂದು ಕೊಟ್ಟ. ಅನಂತರ ಕುಬೇರನ ಶಾಪದಿಂದ ಆ ಸಾಲ ಶಿಖಂಡಿಯ ಬಾಳು ಮುಗಿಯುವವರೆಗೂ ಅವನಲ್ಲಿಯೇ ಉಳಿಯಿತು. ಈ ನಡುವೆ ಬರುವ ಒಂದು ಸಣ್ಣ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಳಿಯ ಗಂಡೋ ಹೆಣ್ಣೋ ಎಂದು ನೋಡಿ ಬರಲು ಹಿರಣ್ಯವರ್ಮ ಹೆಂಗಸರನ್ನು ಕಳುಹಿಸುತ್ತಾನೆ. ಅವರು ಪರೀಕ್ಷಿಸಿ ವರದಿ ಒಪ್ಪಿಸಿದ ಮೇಲೆಯೇ ಅವನಿಗೆ ಸಮಾಧಾನ. ಲಿಂಗಪರೀಕ್ಷೆಯೆಂಬುದು ಇಪ್ಪತ್ತನೆಯ ಶತಮಾನದ ಕ್ರೀಡಾಧಿಕಾರಿಗಳು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ.

ಈಗ ಮಧ್ಯ ಯೂರೋಪಿಗೆ ಬರೋಣ. 1913ರಲ್ಲಿ ಮೊರಾವಿಯದ ಪಾಸ್ಕೋವ್ ಎಂಬ ಊರಿನಲ್ಲಿ ಒಂದು ಮಗು ಹುಟ್ಟಿತು. ಹೆಣ್ಣೆಂದು ಬರೆಸಿದರು, ಝ್ದೆನಾ ಕೌಬ್ಕೋವಾ ಎಂದು ಹೆಸರಾಯಿತು. ಬೆಳೆದಂತೆ ಓಟದಲ್ಲಿ ಅವಳನ್ನು ಮೀರಿಸುವವರು ಆ ದೇಶದಲ್ಲಿ ಇಲ್ಲವಾದರು. 1934ರಲ್ಲಿ ಲಂಡನ್ನಿನಲ್ಲಿ ನಡೆದ ಮಹಿಳಾ ವಿಶ್ವಕ್ರೀಡೆಗಳಲ್ಲಿ 800 ಮೀಟರನ್ನು 2 ನಿಮಿಷ 12.4 ಸೆಕೆಂಡಿನಲ್ಲಿ ಓಡಿ ಮೊದಲ ಸ್ಥಾನ ಪಡೆದಳು. ಅಷ್ಟು ವೇಗವಾಗಿ ಆ ದೂರವನ್ನು ಓಡಿದ ಹೆಂಗಸು ಅದುವರೆಗೆ ಇರಲಿಲ್ಲ.

ಆ ದೂರಕ್ಕೂ ಒಂದು ಚರಿತ್ರೆ ಇದೆ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮೊದಲ ಬಾರಿ 800 ಮೀಟರ್ ಇಟ್ಟರು. ಜರ್ಮನಿಯ ಲೀನಾ ರಾಡ್ಕೆ ಗೆದ್ದಳು. ಓಡಿದವರು ಒಂಬತ್ತು ಮಂದಿ. ಒಂಬತ್ತು ಮಂದಿಯೂ ಗುರಿ ಮುಟ್ಟಿದರು. ಪತ್ರಿಕೆಗಳು ಮಾತ್ರ ಹೆಂಗಸರು ಸಾಲುಸಾಲಾಗಿ ಕುಸಿದು ಬಿದ್ದರೆಂದು ಬರೆದವು. ಆ ಓಟವನ್ನು ಒಲಿಂಪಿಕ್ಸಿನಿಂದ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ, ರೋಮಿನಲ್ಲಿ. ನಡುವಿನ ಕಾಲದಲ್ಲಿ ಹೆಂಗಸರಿಗೆ ಅಷ್ಟು ದೂರ ಓಡಲು ಅವಕಾಶವಿದ್ದದ್ದು ಫ್ರಾನ್ಸಿನ ಆಲಿಸ್ ಮಿಲಿಯಾ ಹಟ ಹಿಡಿದು ನಡೆಸಿದ ಆ ಮಹಿಳಾ ಕ್ರೀಡೆಗಳಂಥ ಕಡೆ.

ಲಂಡನ್ನಿನಿಂದ ಮರಳಿದ ಮೇಲೆ ಅವಳು ಹೆಂಗಸರ ಓಟವನ್ನು ಬಿಟ್ಟಳು. ವೈದ್ಯರನ್ನು ಕಂಡು, ತಾನು ಇನ್ನು ಗಂಡಾಗಿ ಬಾಳುವೆನೆಂದು ತಿಳಿಸಿ, 1936ರಲ್ಲಿ ಪ್ರಾಗಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಝ್ದೆನೆಕ್ ಕೌಬೆಕ್ ಆದ. ಗೆದ್ದ ಮೇಲೆ ಓಟವನ್ನು ಬಿಡಬೇಕು, ಬಿಟ್ಟ ಮೇಲೆ ದೇಹದ ಮಾತು: ಇದು ಅವನು ತನಗೆ ತಾನೇ ಹಾಕಿಕೊಂಡ ಕ್ರಮ. ಅವನ ದೇಹಸ್ಥಿತಿಗೆ ಇಂದಿನ ವೈದ್ಯರ ಮಾತಿನಲ್ಲಿ ಏನು ಹೆಸರೆಂದು ಚರ್ಚೆ ಮಾಡುವವರಿದ್ದಾರೆ. ನನಗೆ ಅದು ಮುಖ್ಯವಾಗಿ ತೋರುವುದಿಲ್ಲ. ಜಗತ್ತಿನ ಪತ್ರಿಕೆಗಳೆಲ್ಲ ಅವನ ಚಿತ್ರ ಹಾಕಿದವು. ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ರಂಗದ ಮೇಲೆ ಕಾಣಿಸಿಕೊಂಡ. ಅನಂತರ ಊರಿಗೆ ಮರಳಿ, ಮದುವೆಯಾಗಿ, ಯುದ್ಧ ಮುಗಿದ ಮೇಲೆ ಗಂಡಸರ ತಂಡದಲ್ಲಿ ರಗ್ಬಿ ಆಡಿಕೊಂಡು ಸದ್ದಿಲ್ಲದೆ ಬಾಳಿ 1986ರಲ್ಲಿ ಪ್ರಾಗಿನಲ್ಲಿಯೇ ತೀರಿಕೊಂಡ.

ಅದೇ 1936ರಲ್ಲಿ ಇಂಗ್ಲೆಂಡಿನ ಪ್ಲಿಮತ್ತಿನ ಗುಂಡೆಸೆತಗಾರ ಮಾರ್ಕ್ ವೆಸ್ಟನ್ನನದೂ ಇದೇ ಬಗೆಯ ಸಂಗತಿ. ಹೆಂಗಸರ ರಾಷ್ಟ್ರೀಯ ಪ್ರಶಸ್ತಿಯನ್ನು ಮೂರು ಸಲ ಗೆದ್ದವನು, ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಗೆಳತಿಯನ್ನು ಮದುವೆಯಾಗಿ ತಣ್ಣಗೆ ಸಂಸಾರ ಹೂಡಿದ.

ಈ ಇಬ್ಬರೂ ಯಾರ ಪದಕವನ್ನೂ ಕದಿಯಲು ಹೊರಟವರಲ್ಲ; ಹೆಂಗಸರ ಕಣವನ್ನು ತಾವಾಗಿ ಬಿಟ್ಟು ಹೋದವರು. ಆದರೆ ಆ ವರ್ಷ ಬರ್ಲಿನ್ ಒಲಿಂಪಿಕ್ಸಿನ ಹೊತ್ತಿನಲ್ಲಿ ಅಮೆರಿಕದ ಏವರಿ ಬ್ರಂಡೇಜ್ ಇವರ ಕಥೆಯನ್ನೇ ಮುಂದಿಟ್ಟುಕೊಂಡು ಮಹಿಳಾ ಸ್ಪರ್ಧಿಗಳ ದೇಹಪರೀಕ್ಷೆ ಆಗಬೇಕೆಂದು ಒತ್ತಾಯಿಸಿದ. ಯಾರಾದರೂ ದೂರು ಕೊಟ್ಟರೆ ಪರೀಕ್ಷೆ ಎಂಬ ನಿಯಮ ಆಗಲೇ ಬಂದಿತು. 1966ರ ಬುಡಾಪೆಸ್ಟ್ ಸ್ಪರ್ಧೆಗಳಲ್ಲಿ ಹೆಂಗಸರು ವೈದ್ಯರ ಮುಂದೆ ಬಟ್ಟೆ ಕಳಚಿ ನಡೆಯಬೇಕಾಯಿತು. 1968ರಲ್ಲಿ ಮೆಕ್ಸಿಕೋದಲ್ಲಿ ವರ್ಣತಂತುಗಳ ಪರೀಕ್ಷೆ. ಒಲಿಂಪಿಕ್ಸಿನಲ್ಲಿ ಎಲ್ಲರಿಗೂ ಕಡ್ಡಾಯವಾಗಿದ್ದ ಪರೀಕ್ಷೆ 1999ರಲ್ಲಿ ನಿಂತಿತು. 2025ರ ಸೆಪ್ಟೆಂಬರಿನಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ವಂಶವಾಹಿ ಪರೀಕ್ಷೆಯನ್ನು ಮತ್ತೆ ತಂದಿತು. ಹಿರಣ್ಯವರ್ಮನ ಹೆಂಗಸರು ಒಮ್ಮೆ ನೋಡಿ ಹೋದರು. ಇವರು ಮತ್ತೆ ಮತ್ತೆ ಬಂದರು.

ಆ ಪರೀಕ್ಷೆಯ ಪೆಟ್ಟು ನಮ್ಮ ನೆರೆನಾಡಿನ ಮನೆಯೊಂದಕ್ಕೂ ತಗಲಿತು. ಪುದುಕ್ಕೋಟೆ ಜಿಲ್ಲೆಯ ಇಟ್ಟಿಗೆಗೂಡಿನ ಕೂಲಿಕಾರರ ಮಗಳು ಶಾಂತಿ ಸೌಂದರರಾಜನ್ 2006ರ ಡಿಸೆಂಬರಿನಲ್ಲಿ ದೋಹಾದ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರಿನಲ್ಲಿಯೇ ಬೆಳ್ಳಿ ಗೆದ್ದರು. ಪರೀಕ್ಷೆಯ ನೆವದಿಂದ ಪದಕ ಕಿತ್ತುಕೊಂಡರು. ಅವರು ಹೆಣ್ಣಾಗಿ ಹುಟ್ಟಿ ಹೆಣ್ಣಾಗಿಯೇ ಬಾಳಿದವರು, ರೂಪ ಬದಲಿಸಿಕೊಂಡವರಲ್ಲ. ದೇಹದ ಒಳರಚನೆ ಬೇರೆಯಾಗಿರುವುದು ಒಂದು, ಮನಸ್ಸು ಒಪ್ಪುವ ರೂಪಕ್ಕೆ ದೇಹವನ್ನು ತಂದುಕೊಳ್ಳುವುದು ಇನ್ನೊಂದು. ಪತ್ರಿಕೆಗಳು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತವೆ. ಶಾಂತಿ ಸಾವಿನ ಅಂಚಿಗೆ ಹೋಗಿ ಮರಳಿ, ಬೆಂಗಳೂರಿನಲ್ಲಿ ತರಬೇತುದಾರರ ಡಿಪ್ಲೊಮಾ ಪಡೆದು, 2016ರಲ್ಲಿ ತಮಿಳುನಾಡು ಸರ್ಕಾರದ ಖಾಯಂ ತರಬೇತುದಾರರಾದರು.

ಈ ಚರಿತ್ರೆಯನ್ನು ನಾನು ಕುತೂಹಲಕ್ಕಾಗಿ ಹುಡುಕಿದ್ದಲ್ಲ. 2024ರ ಮಳೆಗಾಲದಲ್ಲಿ ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಯೊಂದರಿಂದ ನಂಜನಗೂಡಿಗೆ ಬಂದು ಓದುತ್ತಿದ್ದ ವಿದ್ಯಾರ್ಥಿಯೊಬ್ಬ ನನ್ನ ಬಳಿಗೆ ಬಂದ. ಹಾಜರಿ ಪುಸ್ತಕದಲ್ಲಿ ಇದ್ದದ್ದು ಹುಡುಗಿಯ ಹೆಸರು. 800 ಮೀಟರ್ ಓಟಗಾರ. ವಯಸ್ಸು ಹತ್ತೊಂಬತ್ತು. ನನಗೆ ಸಲಿಗೆಯವನೇನೂ ಅಲ್ಲ. ಹಳಗನ್ನಡದ ತರಗತಿಯಲ್ಲಿ ನಾನು ಹೇಳಿದ ಒಂದು ಮಾತು ಅವನಿಗೆ ಧೈರ್ಯ ಕೊಟ್ಟಿತ್ತಂತೆ.

ಆ ಮಾತು ಇಷ್ಟೆ. ಸೋಮನಾಥಪುರದ ಗುಡಿ ಎದ್ದದ್ದು ಹದಿಮೂರನೆಯ ಶತಮಾನದಲ್ಲಿ. ಸುಮಾರಾಗಿ ಅದೇ ಕಾಲದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದು, ಲಿಂಗಗಳನ್ನು ಮೂರಕ್ಕೆ ನಿಲ್ಲಿಸದೆ ಒಂಬತ್ತರವರೆಗೆ ಎಣಿಸಿದ. ಅದು ಶಬ್ದಗಳ ಲೆಕ್ಕ, ಮನುಷ್ಯರದಲ್ಲ. ಅದರಿಂದ ಸಮಾಜಶಾಸ್ತ್ರ ಹೊರಡಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಕನ್ನಡದ ಕ್ರಿಯಾಪದದಲ್ಲಿ ಒಂದು ಸೌಲಭ್ಯ ಇದೆ. ‘ಅವನು ಬಂದನು’, ‘ಅವಳು ಬಂದಳು’ ಎಂದು ಬೇರೆಯವರ ವಿಷಯ ಹೇಳುವಾಗ ಗಂಡೋ ಹೆಣ್ಣೋ ಎಂದು ತೀರ್ಮಾನಿಸಲೇಬೇಕು. ‘ನಾನು ಬಂದೆ’ ಎನ್ನುವವನು ಏನನ್ನೂ ತೀರ್ಮಾನಿಸಬೇಕಾಗಿಲ್ಲ. ಹಿಂದಿಯಲ್ಲಿ ಈ ಅನುಕೂಲವಿಲ್ಲ.

“ಸಾರ್, ನಾನು ಅಂತ ಹೇಳೋವರೆಗೂ ನನಗೆ ತೊಂದರೆಯಿಲ್ಲ. ತೊಂದರೆ ಬೇರೆಯವರು ಬಾಯಿ ತೆರೆದಾಗ,” ಎಂದ ಹುಡುಗ.

ಗಂಡಾಗಬೇಕೋ ಬೇಡವೋ ಎಂದು ಕೇಳಲು ಅವನು ಬಂದಿರಲಿಲ್ಲ. ಅದು ತೀರ್ಮಾನವಾಗಿ ಬಹಳ ಕಾಲವಾಗಿತ್ತು. ಅವನ ಪ್ರಶ್ನೆ, ಯಾವುದು ಮೊದಲು ಎಂಬುದು. ಟೆಸ್ಟೋಸ್ಟಿರೋನ್ ಚುಚ್ಚುಮದ್ದು ಹಿಡಿದ ದಿನವೇ ಹೆಂಗಸರ ಓಟ ಮುಗಿಯಿತು. ಅದು ಕ್ರೀಡಾಳುಗಳಿಗೆ ನಿಷಿದ್ಧವಾದ ಔಷಧ. ಗಂಡಸರ ವಿಭಾಗಕ್ಕೆ ಬರುವವರಿಗೆ ಅಂತಾರಾಷ್ಟ್ರೀಯ ನಿಯಮಗಳ ಅಡ್ಡಿ ಕಡಮೆ. ಚಿಕಿತ್ಸೆಗಾಗಿ ಎಂದು ವಿನಾಯಿತಿ ಪಡೆದು ಓಡಬಹುದು. ಆದರೆ ಹೆಂಗಸರಲ್ಲಿ ಪದಕ ತರುವ ಓಟ ಗಂಡಸರ ನಡುವೆ ಕಡೆಯ ಸ್ಥಾನಕ್ಕೂ ಸಾಲದು. ಪದಕವಿಲ್ಲದೆ ಕ್ರೀಡಾ ಮೀಸಲಾತಿಯ ಕೆಲಸವಿಲ್ಲ, ಕೆಲಸವಿಲ್ಲದೆ ಚಿಕಿತ್ಸೆಗೆ ಹಣವಿಲ್ಲ, ಮನೆಯಲ್ಲಿ ಕೇಳುವಂತಿಲ್ಲ. ಒಮ್ಮೆ ಒಡೆದ ದನಿ ಮದ್ದು ನಿಲ್ಲಿಸಿದರೂ ಹಿಂದಿನಂತೆ ಆಗುವುದಿಲ್ಲವಾದ್ದರಿಂದ ಪರೀಕ್ಷಿಸಿ ನೋಡಿ ಬಿಡುತ್ತೇನೆಂಬ ಮಾತೂ ಇಲ್ಲ.

ಇಲ್ಲಿ ವಾಚಕರು ಒಂದು ಪ್ರಶ್ನೆ ಎತ್ತಬಹುದು: ಗಂಡಾಗಿ ಬೆಳೆದ ದೇಹ ಹೆಂಗಸರ ಕಣಕ್ಕೆ ಬಂದರೆ ಹೆಂಗಸರಿಗೆ ಅನ್ಯಾಯವಲ್ಲವೆ ಎಂದು. ಅದು ತಳ್ಳಿಹಾಕುವ ಪ್ರಶ್ನೆಯಲ್ಲ. 2023ರ ಮಾರ್ಚಿನಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅಂಥವರನ್ನು ಹೊರಗಿಟ್ಟದ್ದಕ್ಕೆ ಕಾರಣವೂ ಅದೇ. ಅದರ ಸರಿತಪ್ಪುಗಳ ವಾದ ಇನ್ನೂ ನಡೆದಿದೆ. ನನ್ನ ವಿದ್ಯಾರ್ಥಿಯದು ಅದಕ್ಕೆ ವಿರುದ್ಧ ದಿಕ್ಕಿನ ದಾರಿ. ಅವನು ಗೆಲ್ಲುವ ಕಣ ಬಿಟ್ಟು ಸೋಲುವ ಕಣಕ್ಕೆ ಹೋಗುವವನು, ನಷ್ಟವೇನಿದ್ದರೂ ಅವನದು.

ಸಂಜೆ ಕೊಠಡಿಯಲ್ಲಿ ಕುಳಿತು ಒಂದು ಹಾಳೆಯ ಮೇಲೆ ತಿಂಗಳುಗಳನ್ನು ಬರೆದೆವು. ಆ ವರ್ಷದ ಕಾಲೇಜು ಕ್ರೀಡಾಕೂಟಗಳನ್ನು ಈಗಿರುವ ಹೆಸರಿನಲ್ಲಿಯೇ ಓಡಿ ಮುಗಿಸುವುದು. ಅನಂತರ ಮನೋವೈದ್ಯರು, ಮೈಸೂರಿನಲ್ಲಿ ಗ್ರಂಥಿವೈದ್ಯರು. ಪದವಿ ಪ್ರಮಾಣಪತ್ರ ಅಚ್ಚಾಗುವ ಮೊದಲೇ ಹೆಸರು ಬದಲಾಗಬೇಕು, ಇಲ್ಲವಾದರೆ ಬಾಳಿಡೀ ಎರಡು ಹೆಸರಿನ ಕಾಗದ ಹಿಡಿದು ತಿರುಗಬೇಕು. ಕಾನೂನಿನ ಆಸರೆ ಇರಲಿಲ್ಲವೆಂದಲ್ಲ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ, ತಾನು ಯಾವ ಲಿಂಗದವನೆಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತು. 2019ರ ಕೇಂದ್ರ ಕಾಯಿದೆ ಜಿಲ್ಲಾಧಿಕಾರಿಗಳಿಂದ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಮಾಡಿತು. ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ಕೆಲಸಗಳಲ್ಲಿ ಇಂಥವರಿಗೆ ಶೇಕಡ 1ರ ಮೀಸಲಾತಿ ಕೊಟ್ಟಿತು. ದೇಶದಲ್ಲಿ ಮೊದಲು ಹೀಗೆ ಮಾಡಿದ ರಾಜ್ಯ ನಮ್ಮದೇ. ಆ ಕಡೆಯ ಸಾಲನ್ನು ಓದಿದಾಗ ಹುಡುಗ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಎರಡು ಸಲ ನೋಡಿದ. ಪದಕವೊಂದನ್ನೇ ನೆಚ್ಚಬೇಕಾಗಿಲ್ಲ ಎಂಬುದು ಅವನಿಗೆ ಹೊಸ ಸುದ್ದಿ.

ಮರುವರ್ಷ ಅವನು ಚಿಕಿತ್ಸೆ ಆರಂಭಿಸಿದ. ಕೆಲವು ತಿಂಗಳ ಮೇಲೆ ಊರಿಗೆ ಫೋನು ಮಾಡಿದಾಗ ತಾಯಿಗೆ ದನಿ ತಿಳಿಯಲಿಲ್ಲವಂತೆ. “ಯಾರಪ್ಪ?” ಎಂದರಂತೆ. “ನಾನು ಕಣವ್ವ” ಎಂದನಂತೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಊಟವಾಯಿತೇ ಎಂದು ಕೇಳಿದರಂತೆ. ತಂದೆ ಇನ್ನೂ ಮಾತನಾಡಿಲ್ಲ.

ಅವನಿಗೆ ಉಳಿದಿದ್ದ ಸಂಶಯ ಒಂದೇ. ಹುಡುಗಿಯರ ಓಟದಲ್ಲಿ ಗೆದ್ದ ಪದಕಗಳನ್ನು ಹಿಂದಕ್ಕೆ ಕೊಡಬೇಕೆ? ನಾನು ಅವನಿಗೆ ದಾಖಲೆಗಳ ಪಟ್ಟಿ ತೋರಿಸಿದೆ. ಹೆಂಗಸರ 800 ಮೀಟರಿನ ಅಧಿಕೃತ ವಿಶ್ವದಾಖಲೆಗಳಲ್ಲಿ 1928ರ ರಾಡ್ಕೆಯ 2 ನಿಮಿಷ 16.8 ಸೆಕೆಂಡು ಆದ ಮೇಲೆ ಬರುವುದು 1944ರಲ್ಲಿ ಸ್ವೀಡನ್ನಿನ ಆನಾ ಲಾರ್ಸನ್ ಓಡಿದ 2 ನಿಮಿಷ 15.9 ಸೆಕೆಂಡು. ನಡುವೆ ಕೌಬೆಕ್ ಓಡಿದ 2 ನಿಮಿಷ 12.4 ಸೆಕೆಂಡು ಅಲ್ಲಿ ಇಲ್ಲವೇ ಇಲ್ಲ. ಓಡಿದ್ದು ಸುಳ್ಳೆಂದು ಹೇಳಿದವರು ಯಾರೂ ಇಲ್ಲ. ಹುಡುಗ ಪಟ್ಟಿಯನ್ನು ನೋಡಿ, “ನಾನು ಆ ದಿನಗಳಲ್ಲಿ ನಿಯಮ ಮುರಿದಿಲ್ಲ ಸಾರ್,” ಎಂದ. ಪದಕಗಳನ್ನು ಅವನು ಹಿಂದಿರುಗಿಸಲಿಲ್ಲ.