ಅಂಡಾಶಯದ ಲೆಕ್ಕ ಮತ್ತು ಹೆಣ್ಣಿನ ಮೇಲಿನ ತೀರ್ಪು

ಕೋಡಿಂಬಾಳದಂತಹ ನಮ್ಮ ಊರುಗಳಲ್ಲಿ ಎರಡು ತಲೆಮಾರಿನ ಹಿಂದೆ ಆರು, ಎಂಟು ಮಕ್ಕಳನ್ನು ಹೆತ್ತ ತಾಯಂದಿರು ಅಪರೂಪವೇನಾಗಿರಲಿಲ್ಲ. ಬ್ಯಾರಿಗಳ ಮನೆಯಾಗಲಿ, ಗೌಡರ ಮನೆಯಾಗಲಿ, ಮಾತು ಒಂದೇ. ಇಂದು ಅವೇ ಮನೆಗಳಲ್ಲಿ ಎರಡು ಮಕ್ಕಳು ಸಾಮಾನ್ಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 1992-93ರಲ್ಲಿ ಒಬ್ಬ ಮಹಿಳೆಗೆ ಸರಾಸರಿ 2.9 ಮಕ್ಕಳಿದ್ದರು, 2019-21ರಲ್ಲಿ ಅದು 1.7ಕ್ಕೆ ಇಳಿಯಿತು. ಈ ಬದಲಾವಣೆಯನ್ನು ನಾವು ಶಾಲೆಯ ಫೀಸು, ಸಂಪಾದನೆ, ತೋಟದ ಪಾಲು ಇವುಗಳ ಜೊತೆ ಸೇರಿಸಿ ಮಾತಾಡುತ್ತೇವೆ. ಅದು ಹೆಣ್ಣಿನ ದೇಹದೊಳಗಿನ ಒಂದು ಲೆಕ್ಕವನ್ನೂ ಬದಲಿಸಿದೆ ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ.

ಆ ಲೆಕ್ಕ ಸರಳವಾದುದು. ಮುಟ್ಟು ಆರಂಭವಾದಂದಿನಿಂದ ನಿಲ್ಲುವ ತನಕ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಅಂಡಾಶಯದಿಂದ ಒಂದು ಅಂಡ ಹೊರಬರುತ್ತದೆ. ಗರ್ಭ ಧರಿಸಿದಾಗ ಇದು ನಿಲ್ಲುತ್ತದೆ. ಮಗುವಿಗೆ ಹಾಲೂಡಿಸುವಾಗಲೂ ಕೆಲವು ಕಾಲ ತಡೆಯುತ್ತದೆ. ಈ ಬಿಡುವು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಹಾಲೂಡಿಸುವ ಬಿಡುವನ್ನು ಒಂದು ವರ್ಷವೆಂದು ಹಿಡಿದರೆ, ಎಂಟು ಹೆತ್ತವಳ ಅಂಡಾಶಯಕ್ಕೆ ಒಟ್ಟು 14 ವರ್ಷಗಳ ವಿಶ್ರಾಂತಿ ಸಿಕ್ಕಂತಾಯಿತು. ಇಬ್ಬರನ್ನು ಹೆತ್ತವಳಿಗೆ ಮೂರೂವರೆ ವರ್ಷ. ಆಫ್ರಿಕಾದ ಮಾಲಿ ದೇಶದ ಡೋಗೋನ್ ಸಮುದಾಯವನ್ನು ಅಧ್ಯಯನ ಮಾಡಿದ ಬೆವರ್ಲಿ ಸ್ಟ್ರಾಸ್‌ಮನ್, ಅಲ್ಲಿಯ ಹೆಂಗಸರು ಜೀವಮಾನದಲ್ಲಿ ಸುಮಾರು 100 ಬಾರಿ ಮಾತ್ರ ಮುಟ್ಟಾಗುತ್ತಾರೆ ಎಂದು 1997ರಲ್ಲಿ ಬರೆದರು. ಪಾಶ್ಚಾತ್ಯ ನಗರಗಳ ಹೆಂಗಸರಲ್ಲಿ ಇದು ಸುಮಾರು 400.

ಈ ಎಣಿಕೆಗೂ ಕ್ಯಾನ್ಸರಿಗೂ ಏನು ಸಂಬಂಧ? ಇಟಲಿಯ ವೈದ್ಯ ರಮಾಝಿನಿ, ಮದುವೆಯಾಗದ ಸನ್ಯಾಸಿನಿಯರಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚು ಎಂದು 18ನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದ. ಅಂಡಾಶಯದ ಕ್ಯಾನ್ಸರಿನ ವಿಷಯದಲ್ಲಿ ನಿರ್ಣಾಯಕ ಪ್ರಶ್ನೆ ಎತ್ತಿದವರು ಈಜಿಪ್ಟಿನ ಅಸ್ಯೂತ್ ವಿಶ್ವವಿದ್ಯಾನಿಲಯದ ಡಾ. ಮಹ್ಮೂದ್ ಫತಲ್ಲಾ. 1971ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪುಟ್ಟ ಲೇಖನದ ವಾದ ಹೀಗಿತ್ತು: ಪ್ರತಿ ಬಾರಿ ಅಂಡ ಹೊರಬರುವಾಗ ಅಂಡಾಶಯದ ಹೊರಪದರ ಹರಿಯುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಬಿಡುವಿಲ್ಲದೆ ನಡೆಯುವ ಈ ಹರಿಯುವಿಕೆ, ದುರಸ್ತಿಯೇ ಕ್ಯಾನ್ಸರಿಗೆ ದಾರಿಯಾಗಬಹುದು. ಸತತವಾಗಿ ಮೊಟ್ಟೆಯಿಡುವ ಸಾಕುಕೋಳಿಗಳಲ್ಲೂ ಈ ರೋಗ ಕಾಣಿಸಿಕೊಳ್ಳುವುದು ಅವರ ಊಹೆಗೆ ಬಲ ಕೊಟ್ಟಿತು.

ಅಂಡ ಬಿಡುಗಡೆಯ ದಿನವನ್ನು ಎಣಿಸುವ ಕೆಲಸ ಕನ್ನಡ ನಾಡಿಗೆ ಬೇರೊಂದು ಕಾರಣದಿಂದ ಅದಕ್ಕೂ ಮೊದಲೇ ಬಂದಿತ್ತು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು; ಘಟ್ಟದ ಮೇಲಿನ ಮೈಸೂರು ಸಂಸ್ಥಾನ 1930ರಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಅನುಮತಿ ಕೊಟ್ಟಿತು. ಸರಕಾರವೊಂದು ಇಂತಹ ಕೆಲಸಕ್ಕಿಳಿದ ಮೊದಲ ನಿದರ್ಶನಗಳಲ್ಲಿ ಇದೂ ಒಂದು. ಸ್ವಾತಂತ್ರ್ಯಾನಂತರ, 1952ರಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ದಿಲ್ಲಿಯ ಲೋಧಿ ಕಾಲನಿಯ ಮತ್ತು ನಮ್ಮ ರಾಮನಗರದ ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟು, ಗರ್ಭ ನಿಲ್ಲುವ ದಿನಗಳನ್ನು ಎಣಿಸಲು ಕಲಿಸಲಾಯಿತು. ಸರಕಾರಕ್ಕೆ ಬೇಕಾಗಿದ್ದುದು ಜನಸಂಖ್ಯೆಯ ಲೆಕ್ಕ. ಮಣಿ ಎಣಿಸಿದ ಆ ಹೆಣ್ಣಿನ ಮುಂದಿನ ಆರೋಗ್ಯದ ಲೆಕ್ಕವನ್ನು ಆಗ ಯಾರೂ ಕೇಳಿರಲಿಲ್ಲ.

ಫತಲ್ಲಾರ ಊಹೆಗೆ ದೊಡ್ಡ ಆಧಾರ ದೊರೆತದ್ದು 2008ರಲ್ಲಿ. 21 ದೇಶಗಳ 45 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಅಂಡ ಬಿಡುಗಡೆಯನ್ನು ತಡೆಯುವ ಗರ್ಭನಿರೋಧಕ ಮಾತ್ರೆಯನ್ನು ಸುಮಾರು 15 ವರ್ಷ ಬಳಸಿದವರಲ್ಲಿ ಈ ರೋಗದ ಅಪಾಯ ಅರ್ಧಕ್ಕಿಳಿದದ್ದು ಕಂಡುಬಂತು. ಹೆರಿಗೆ ಮತ್ತು ಎದೆಹಾಲೂಡಿಕೆಯಿಂದಲೂ ಅಪಾಯ ತಗ್ಗುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಈ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆ ಅನೇಕ ವೇಳೆ ಅಂಡನಾಳದ ತುದಿಯಲ್ಲಿ ಹುಟ್ಟುತ್ತದೆ ಎಂಬುದು 2001ರ ನಂತರದ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಕೆಲವು ಕುಟುಂಬಗಳಲ್ಲಿ ತಂದೆಯ ಕಡೆಯಿಂದಲೋ ತಾಯಿಯ ಕಡೆಯಿಂದಲೋ ಬರುವ ವಂಶವಾಹಿ ದೋಷವೂ ಕಾರಣವಾಗುತ್ತದೆ. ಎಂದರೆ, ಅಂಡದ ಎಣಿಕೆ ಒಂದು ಕಾರಣ, ಎಲ್ಲವೂ ಅಲ್ಲ.

ಇಲ್ಲಿ ನಾವು ಎಚ್ಚರ ವಹಿಸಬೇಕು. ಈ ವಿಜ್ಞಾನವನ್ನು ಹಿಡಿದು ‘ಹೆಚ್ಚು ಹೆರಿ, ಕ್ಯಾನ್ಸರ್ ಬಾರದು’ ಎಂದು ಉಪದೇಶಿಸುವುದು ಸುಲಭ. ಹಾಗೆ ಹೇಳುವವರು ಎಂಟು ಹೆರಿಗೆಗಳ ಆ ಕಾಲದಲ್ಲಿ ಬಾಣಂತಿ ಕೋಣೆಯಿಂದ ಜೀವಂತ ಹೊರಬಾರದ ತಾಯಂದಿರನ್ನು ಮರೆತಿರುತ್ತಾರೆ. ಗರ್ಭವು ಅಂಡಾಶಯಕ್ಕೆ ವಿಶ್ರಾಂತಿ ಎಂದ ಅದೇ ಫತಲ್ಲಾ ತಮ್ಮ ಬದುಕಿನ ಬಹುಭಾಗವನ್ನು ಹೆರಿಗೆಯಲ್ಲಿ ಹೆಂಗಸರು ಸಾಯಬಾರದು ಎಂಬ ಹೋರಾಟಕ್ಕೆ ಕೊಟ್ಟರು. ಇನ್ನು ಮಕ್ಕಳಾಗದವಳು, ಮದುವೆಯಾಗದವಳು ನಮ್ಮ ಸಮಾಜದಲ್ಲಿ ಈಗಾಗಲೇ ಸಾಕಷ್ಟು ಮಾತು ಕೇಳಿದ್ದಾಳೆ. ರೋಗ ಬಂದಾಗ ‘ಹೆರದಿದ್ದುದಕ್ಕೆ ಹೀಗಾಯಿತು’ ಎಂಬ ಮಾತನ್ನೂ ಅವಳ ಮೇಲೆ ಹೊರಿಸುವುದು ಅನ್ಯಾಯ. ಅಪಾಯ ಸ್ವಲ್ಪ ಹೆಚ್ಚಿದವರಲ್ಲೂ ಬಹುಪಾಲು ಮಂದಿಗೆ ಈ ರೋಗ ಬರುವುದೇ ಇಲ್ಲ. ಮಾತ್ರೆಯೂ ಎಲ್ಲರಿಗೂ ಹೊಂದುವ ಮದ್ದಲ್ಲ. ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ವೈದ್ಯರನ್ನು ಕೇಳದೆ ನುಂಗಬಾರದು.

ಈ ಇತಿಹಾಸದಿಂದ ನಮ್ಮ ಮನೆಗಳು ಕಲಿಯಬೇಕಾದ ಪಾಠ ಬೇರೆಯೇ ಇದೆ. ಈ ರೋಗವನ್ನು ಮೊದಲೇ ಹಿಡಿಯುವ ಖಚಿತ ತಪಾಸಣೆ ಇನ್ನೂ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗದ 2021ರ ಫಲಿತಾಂಶವೂ, ಸಾಮೂಹಿಕ ತಪಾಸಣೆಯಿಂದ ಸಾವು ತಗ್ಗಲಿಲ್ಲ ಎಂದೇ ಹೇಳಿತು. ಉಳಿದಿರುವುದು ಹೆಣ್ಣಿನ ಮಾತಿಗೆ ಕಿವಿಗೊಡುವುದು. ವಾರಗಟ್ಟಲೆ ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇಪದೇ ಮೂತ್ರ: ಇವನ್ನು ‘ಗ್ಯಾಸ್ಟ್ರಿಕ್’ ಎಂದು ಮನೆಯಲ್ಲೇ ತೀರ್ಮಾನಿಸಿ ಕಷಾಯ ಕುಡಿಸುತ್ತಾ ಕೂತರೆ ರೋಗ ಬೆಳೆಯುತ್ತದೆ. ಅಮ್ಮನಿಗೋ, ಚಿಕ್ಕಮ್ಮನಿಗೋ, ಅಕ್ಕನಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಕೋಡಿಂಬಾಳದ ಮನೆಯಿಂದ ಪುತ್ತೂರು, ಮಂಗಳೂರಿನ ಆಸ್ಪತ್ರೆಗೆ ದಾರಿ ಕೆಲವೇ ಗಂಟೆಗಳದ್ದು. ‘ನನಗೆ ಹೊಟ್ಟೆ ಸರಿಯಿಲ್ಲ’ ಎಂದು ಹೆಂಗಸು ಹೇಳಿದ ಮಾತು ಮನೆಯವರಿಗೆ ತಲುಪುವ ದಾರಿಯೂ ಅಷ್ಟೇ ಹತ್ತಿರವಾಗಬೇಕು.