ಪಣದ ದರ ಮತ್ತು ಗೆಲುವಿನ ಸಂಭವ: ಗಣಿತಸಾರಸಂಗ್ರಹದ ಒಂದು ಲೆಕ್ಕ

ಕಲ್ಯಾಣವೆಂದೊಡನೆ ಕನ್ನಡ ಸಾಹಿತ್ಯದ ಅಭ್ಯಾಸಿಗೆ ನೆನಪಾಗುವುದು ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕರ್ಮಭೂಮಿ. ಠಾಣೆ, ಡೊಂಬಿವಲಿಗಳ ಕನ್ನಡಿಗರಿಗೆ ಅದು ಲೋಕಲ್ ಗಾಡಿ ಹಿಡಿಯುವ ಜಂಕ್ಷನ್. ಮೂರನೆಯದೊಂದು ಕಲ್ಯಾಣವೂ ಉಂಟು. ಅದು ಊರೇ ಅಲ್ಲ. ‘ಕಲ್ಯಾಣ್ ಮಟ್ಕಾ’ ಎಂಬ ಅಂಕಿಜೂಜಿಗೆ ಆ ಹೆಸರು ಬಂದುದು ಪಟ್ಟಣದಿಂದಲ್ಲ. 1962ರಲ್ಲಿ ವರ್ಲಿಯಲ್ಲಿ ಅದನ್ನು ಆರಂಭಿಸಿದ ಕಲ್ಯಾಣ್‌ಜಿ ಭಗತ್ ಎಂಬವರಿಂದ. ಅದಕ್ಕೂ ಮೊದಲು ನ್ಯೂಯಾರ್ಕಿನಿಂದ ಬರುತ್ತಿದ್ದ ಹತ್ತಿಯ ಧಾರಣೆಯ ಮೇಲೆ ಮುಂಬಯಿಯಲ್ಲಿ ಪಣ ನಡೆಯುತ್ತಿತ್ತು.

ಪಣದ ದರವನ್ನು ಸಂಭವನೀಯತೆಯಾಗಿ ಪರಿವರ್ತಿಸುವ ಕ್ರಮ ಸರಳವಾದುದು. ಕಟ್ಟಿದ ಹಣವನ್ನು, ಗೆದ್ದಾಗ ಕೈಗೆ ಬರುವ ಒಟ್ಟು ಹಣದಿಂದ ಭಾಗಿಸಬೇಕು. ಮಟ್ಕಾದಲ್ಲಿ ಒಂದು ಅಂಕೆಗೆ ರೂಢಿಯ ದರ ರೂಪಾಯಿಗೆ 9. ದರವು ಸೂಚಿಸುವ ಸಂಭವ 1/9. ಅಂಕೆಗಳೋ ಹತ್ತು, ಕೈಚಳಕವಿಲ್ಲದಿದ್ದರೆ ಗೆಲ್ಲುವ ಸಂಭವ 1/10, ಸೋಲುವುದು 9/10. ಹತ್ತು ಅಂಕೆಗಳ ದರಸಂಭವವನ್ನು ಕೂಡಿದರೆ ಒಂದರ ಬದಲು 10/9 ದೊರೆಯುತ್ತದೆ. ಹತ್ತಕ್ಕೂ ತಲಾ ಒಂದು ರೂಪಾಯಿ ಬಿದ್ದರೆ ಬುಕ್ಕಿ 9 ಕೊಟ್ಟು 1 ಉಳಿಸಿಕೊಳ್ಳುತ್ತಾನೆ. ಯಾವ ಅಂಕೆ ಬಂದರೂ ಅವನಿಗೆ ಸಮ. ದಿನವೂ 10 ರೂಪಾಯಿ ಕಟ್ಟುವ ಕಾರ್ಮಿಕ 300 ದಿನಗಳಲ್ಲಿ ಸರಾಸರಿ 300 ರೂಪಾಯಿ ಕಳೆದುಕೊಂಡಿರುತ್ತಾನೆ.

ಸಂಭವನೀಯತೆಯ ಗಣಿತ 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಅವರ ಪತ್ರವ್ಯವಹಾರದೊಡನೆ ಹುಟ್ಟಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ನಮ್ಮಲ್ಲಿ ಜೂಜೆಂದರೆ ಧರ್ಮರಾಯನ ವ್ಯಸನ, ನಳನ ವಿಧಿ ಎಂದಷ್ಟೇ ವಿವರಿಸಿ ಕೈತೊಳೆದುಕೊಳ್ಳುವ ರೂಢಿಯೂ ಇದೆ. ಈ ಎರಡನೆಯ ಮಾತನ್ನು ನಾವು ಒಪ್ಪಲಾರೆವು.

ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯನು ರಚಿಸಿದ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸ್ತುತಿಯನ್ನು ಒಳಗೊಂಡಿದೆ. ಠಾಣೆಯ ಸೀಮೆಯೂ ಅಂದು ಅವನ ಆಳ್ವಿಕೆಗೆ ಒಳಪಟ್ಟಿತ್ತು. ಶಕ 799ರ ಕಾನ್ಹೇರಿ ಶಾಸನ ಅವನನ್ನೂ ಅವನ ಸಾಮಂತ ಶಿಲಾಹಾರ ಎರಡನೆಯ ಕಪರ್ದಿಯನ್ನೂ ಹೆಸರಿಸುತ್ತದೆ. (ಅರಸನೊಬ್ಬನೇ ಎಂಬುದಷ್ಟೇ ನಮ್ಮ ಮಾತು, ಗ್ರಂಥಕ್ಕೂ ಊರಿಗೂ ನೇರ ನಂಟು ಕಲ್ಪಿಸುತ್ತಿಲ್ಲ.)

ಗ್ರಂಥದ ಮಿಶ್ರಕವ್ಯವಹಾರದಲ್ಲಿ ಕೋಳಿಕಾಳಗದ ಲೆಕ್ಕವೊಂದಿದೆ. ಮಂತ್ರೌಷಧ ಬಲ್ಲವನೊಬ್ಬ ಎರಡೂ ಕೋಳಿಗಳ ಒಡೆಯರೊಡನೆ ಗುಟ್ಟಾಗಿ ಬೇರೆಬೇರೆ ಮಾತಾಡುತ್ತಾನೆ. ನಿನ್ನ ಕೋಳಿ ಗೆದ್ದರೆ ಪಣದ ಹಣ ನನಗೆ, ಸೋತರೆ ಅದರ ಮೂರನೆಯ ಎರಡು ಪಾಲು ನಾನು ಕೊಡುವೆ ಎಂದು ಮೊದಲನೆಯವನಿಗೆ. ಇನ್ನೊಬ್ಬನಿಗೆ ನಾಲ್ಕನೆಯ ಮೂರು ಪಾಲು. ಯಾರು ಗೆದ್ದರೂ ಅವನಿಗೆ 12 ಹೊನ್ನು ಲಾಭ. ಪಣವೆಷ್ಟು? ಉತ್ತರ 42 ಮತ್ತು 40. ಮೊದಲನೆಯ ಕೋಳಿ ಗೆದ್ದರೆ 42 ಪಡೆದು 30 ಕೊಡುತ್ತಾನೆ. ಎರಡನೆಯದು ಗೆದ್ದರೆ 40 ಪಡೆದು 28 ಕೊಡುತ್ತಾನೆ.

ಇದನ್ನು ಇಂದಿನ ಕ್ರಮದಲ್ಲಿ ನೋಡೋಣ. ಮೊದಲನೆಯ ಒಡೆಯ ತನ್ನ ಸೋಲಿನ ಮೇಲೆ ಪಣ ಕಟ್ಟಿದಂತಾಯಿತು: 42 ಕಟ್ಟಿದ್ದಾನೆ, ಸೋತರೆ ಕಟ್ಟಿದ್ದೂ ಸೇರಿ 70. ದರಸಂಭವ 42/70, ಅಂದರೆ 3/5. ಎರಡನೆಯವನದು 40/70, ಅಂದರೆ 4/7. ಎರಡರಲ್ಲಿ ಒಂದು ಕೋಳಿ ಮಾತ್ರ ಸೋಲುವುದರಿಂದ ನಿಜಸಂಭವಗಳ ಮೊತ್ತ 1 ಆಗಬೇಕು; ಇಲ್ಲಿ 41/35 ಆಗಿದೆ. ಹೆಚ್ಚುವರಿ 6/35ನ್ನು 70ರಿಂದ ಗುಣಿಸಿದರೆ ಅದೇ 12 ಹೊನ್ನು! ಯಾವ ಕೋಳಿ ಬಲಶಾಲಿ ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಮಂತ್ರೌಷಧವೂ ಬೇಕಾಗಲಿಲ್ಲ.

ಮಹಾವೀರನಿಗೆ ಸಂಭವನೀಯತೆಯ ಪರಿಕಲ್ಪನೆ ಇತ್ತೆಂದು ಇದರಿಂದ ಸಾಧಿಸಲಾಗದು. ಪಣದ ದರ ಗೆಲುವಿನ ಭವಿಷ್ಯವಲ್ಲ, ಮಧ್ಯವರ್ತಿ ನಿಗದಿಪಡಿಸಿದ ಬೆಲೆ ಎಂಬುದನ್ನು ಅವನು ಅರಿತಿದ್ದನೆನ್ನಲು ಅಡ್ಡಿಯಿಲ್ಲ. ಅದೇ ಅಧ್ಯಾಯದ ಸಂಯೋಜನೆಯ ಸೂತ್ರ ಮಟ್ಕಾದ ‘ಪಟ್ಟಿ’ಗೂ ಸಲ್ಲುತ್ತದೆ: ಹತ್ತು ಅಂಕೆಗಳಲ್ಲಿ ಮೂರನ್ನು ಆರಿಸುವ ಬಗೆ 10×9×8ನ್ನು 1×2×3ರಿಂದ ಭಾಗಿಸಿದ 120. ಇವೇ ಸಿಂಗಲ್ ಪಟ್ಟಿಗಳು. ಪ್ರತಿಯೊಂದೂ ಸಾವಿರದಲ್ಲಿ ಆರು ಬಗೆಯಲ್ಲಿ ಬರಬಹುದು. ಅದಕ್ಕೆ 150ರ ದರ ಕೊಟ್ಟರೆ ರೂಪಾಯಿಗೆ ಮರಳುವುದು ಸರಾಸರಿ ಮತ್ತದೇ 90 ಪೈಸೆ.