ಕೊಡಗಿನ ರಾಜಪುತ್ರಿಯ ಸಮಾಧಿಯೂ ಆಂಗ್ಲರ ಮರಣದಫ್ತರುಗಳೂ

ಸಿರಾ ಪಟ್ಟಣದಲ್ಲಿರುವ ಮಲಿಕ್ ರಿಹಾನನ ಗುಮ್ಮಟವನ್ನು ನಮ್ಮ ಸೀಮೆಯ ವಾಚಕರಲ್ಲಿ ಬಹುಮಂದಿ ನೋಡಿರುವರು. ಬಿಜಾಪುರದವರ ಪರವಾಗಿ ಈ ಪ್ರಾಂತವನ್ನಾಳಿದ ಆತನ ಸಮಾಧಿಯು ಕ್ರಿ. ಶ. 1651ರದು. ತಾವರೆಕೆರೆಯಿಂದ ಸಿರಾಕ್ಕೆ ಹೋಗಿ ಅದನ್ನು ಕಂಡಾಗಲೆಲ್ಲ ನನಗೊಂದು ಪ್ರಶ್ನೆ ಹುಟ್ಟುವುದುಂಟು. ಆಳಿದವನಿಗೆ ಗುಮ್ಮಟವಾಯಿತು, ಅವನ ಕೈಕೆಳಗಿದ್ದ ಕರಣಿಕರೂ ದಂಡಾಳುಗಳೂ ಎಲ್ಲಿ ಮಣ್ಣಾದರೆಂಬುದನ್ನು ಹೇಳುವ ಪುಸ್ತಕವೆಲ್ಲಿ?

ದಹನಸಂಸ್ಕಾರವುಳ್ಳವರಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಶ್ರಾದ್ಧದಲ್ಲಿ ಪಿತೃ, ಪಿತಾಮಹ, ಪ್ರಪಿತಾಮಹರೆಂದು ಮೂರು ತಲೆಗಳನ್ನು ಗೋತ್ರಸಹಿತವಾಗಿ ಹೇಳುತ್ತೇವೆ, ತಿಥಿಯನ್ನು ಮರೆಯುವುದಿಲ್ಲ. ಸ್ಥಳವನ್ನು ಮಾತ್ರ ಯಾರೂ ಕೇಳುವುದಿಲ್ಲ. ವೀರಶೈವರಲ್ಲಿಯಾದರೋ ಹೂಳುವ ಪದ್ಧತಿಯಿರುವುದರಿಂದ ಗದ್ದುಗೆಯುಂಟು, ಸ್ಥಳಕ್ಕೆ ಗೌರವವುಂಟು. ಆಂಗ್ಲರ ಕ್ರಮ ಇನ್ನೊಂದು ಬಗೆಯದು. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನು 1538ರಲ್ಲಿ ಮಾಡಿದ ಆಜ್ಞೆಯಂತೆ ಪ್ರತಿಯೊಂದು ಇಗರ್ಜಿಯ ಪಾದ್ರಿಯೂ ತನ್ನ ಊರಿನ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕಾಯಿತು. ಅಂಥ ಪುಸ್ತಕದಿಂದ ಹಿರಿಯರ ಸಮಾಧಿಯನ್ನು ಹುಡುಕುವುದು ಆ ದೇಶದಲ್ಲಿ ಮನೆಮನೆಯ ವ್ಯಾಸಂಗ. ಈ ಮೂರು ಕ್ರಮಗಳಲ್ಲಿ ಯಾವುದು ಏನನ್ನು ಉಳಿಸುತ್ತದೆ, ಏನನ್ನು ಕಳೆಯುತ್ತದೆ ಎಂಬುದನ್ನು ತಿಳಿಯಲು ನಮ್ಮ ನಾಡಿನದೇ ಆದ ಒಂದು ಮನೆತನದ ಕಥೆ ಸಾಕು.

ಅದು ಕೊಡಗಿನ ಹಾಲೇರಿಯವರದು. ಅವರು ವೀರಶೈವರು. ಮಡಿಕೇರಿಯ ಗದ್ದುಗೆಯಲ್ಲಿ ದೊಡ್ಡವೀರರಾಜೇಂದ್ರನೂ ಅವನ ರಾಣಿ ಮಹದೇವಮ್ಮನೂ ಇದ್ದಾರೆ. ಪಕ್ಕದಲ್ಲಿ ಲಿಂಗರಾಜೇಂದ್ರನ ಸಮಾಧಿಯುಂಟು. ಇದನ್ನು 1820ರಲ್ಲಿ ಕಟ್ಟಿಸಿದವನು ಅವನ ಮಗ ಚಿಕವೀರರಾಜೇಂದ್ರ. ಮಾಸ್ತಿಯವರ 1956ರ ಕಾದಂಬರಿಯಿಂದ ಈ ಅರಸನ ಹೆಸರು ಎಲ್ಲರಿಗೂ ಪರಿಚಿತವೇ ಆಗಿದೆ. ತಂದೆಗೆ ಗದ್ದುಗೆ ಕಟ್ಟಿಸಿದ ಅವನಿಗೆ ಆ ನೆಲದಲ್ಲಿ ಸ್ಥಳ ದೊರೆಯಲಿಲ್ಲ. 1834ರಲ್ಲಿ ಕಂಪೆನಿಯವರು ರಾಜ್ಯವನ್ನು ತೆಗೆದುಕೊಂಡು ಅವನನ್ನು ಕಾಶಿಗೆ ಕಳುಹಿಸಿದರು. ಮಗಳು ಗೌರಮ್ಮ ಹುಟ್ಟಿದುದು ಅಲ್ಲಿಯೇ, 1841ರಲ್ಲಿ.

1852ರಲ್ಲಿ ಅರಸನು ಮಗಳೊಡನೆ ಇಂಗ್ಲೆಂಡಿಗೆ ಹೋದನು. ಕಂಪೆನಿಯಲ್ಲಿದ್ದ ಮನೆತನದ ಹಣವನ್ನು ವ್ಯಾಜ್ಯದಿಂದ ಬಿಡಿಸಿಕೊಳ್ಳುವುದು ಅವನ ಆಶೆ. ಅದೇ ವರ್ಷ ಗೌರಮ್ಮನಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಂದ ಜ್ಞಾನಸ್ನಾನವಾಯಿತು. ವಿಕ್ಟೋರಿಯಾ ರಾಣಿಯು ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಹನ್ನೊಂದು ವರ್ಷದ ಹುಡುಗಿ! ಅವಳನ್ನು ಆಂಗ್ಲ ಕುಟುಂಬಗಳಲ್ಲಿಟ್ಟು ಬೆಳೆಯಿಸಿದರು. ಚಿತ್ರಕಾರ ವಿಂಟರ್‌ಹಾಲ್ಟರನು ಅವಳ ಚಿತ್ರವನ್ನು ಬರೆದನು. ಪಂಜಾಬಿನ ದುಲೀಪ ಸಿಂಹನಿಗೆ ಅವಳನ್ನು ಕೊಡಬೇಕೆಂಬ ಯೋಚನೆಯೂ ನಡೆದು ಮುರಿಯಿತು. ಈ ದಯೆಯೆಲ್ಲವನ್ನೂ ಒಪ್ಪಿದರೂ, ಆ ಮಗುವನ್ನು ಕೇಳಿದವರು ಯಾರೆಂಬುದು ನನಗೆ ಇನ್ನೂ ಹೊಳೆದಿಲ್ಲ. 1859ರಲ್ಲಿ ಚಿಕವೀರರಾಜೇಂದ್ರನು ಲಂಡನ್ನಿನಲ್ಲಿ ತೀರಿಕೊಂಡನು. ಕೆನ್ಸಲ್ ಗ್ರೀನ್ ಎಂಬ ಶ್ಮಶಾನದಲ್ಲಿ ಅವನನ್ನು ಮಣ್ಣುಮಾಡಿದರು. ಮರುವರ್ಷ ಗೌರಮ್ಮನು ಕರ್ನಲ್ ಜಾನ್ ಕ್ಯಾಂಬೆಲ್ಲನನ್ನು ವರಿಸಿದಳು. 1861ರಲ್ಲಿ ಈಡಿತ್ ಎಂಬ ಮಗಳು ಹುಟ್ಟಿದಳು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಗೌರಮ್ಮನು ಕಾಲವಾದಳು. ಅವಳ ಸಮಾಧಿ ಬ್ರಾಂಪ್ಟನ್ ಶ್ಮಶಾನದಲ್ಲಿದೆ.

ಈಗ ಆಕೆಯ ಸಂತತಿಯವರೊಬ್ಬರು ಈ ಸಮಾಧಿಯನ್ನು ಹುಡುಕಹೊರಟರೆಂದು ಭಾವಿಸೋಣ. ಅವರು ಇಗರ್ಜಿಯ ಮರಣಪುಸ್ತಕವನ್ನು ಕೇಳಿದರೆ ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಲಂಡನ್ನಿನ ಇಗರ್ಜಿಗಳ ಅಂಗಳಗಳು ಹೆಣಗಳಿಂದ ತುಂಬಿ ರೋಗದ ಭಯ ಹುಟ್ಟಲು, 1852ರ ಶಾಸನದಿಂದ ಅವುಗಳನ್ನು ಮುಚ್ಚತೊಡಗಿದ್ದರು. ಕೆನ್ಸಲ್ ಗ್ರೀನ್ 1833ರಲ್ಲಿಯೂ ಬ್ರಾಂಪ್ಟನ್ 1840ರಲ್ಲಿಯೂ ಖಾಸಗಿ ಕಂಪೆನಿಗಳು ತೆರೆದ ಶ್ಮಶಾನಗಳು. ಎರಡನೆಯದನ್ನು ಸರಕಾರವು 1852ರಲ್ಲಿ ಕೊಂಡಿತಾದುದರಿಂದ ಅದರ ಹಳೆಯ ದಫ್ತರುಗಳು ಕ್ಯೂ ಎಂಬಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸತ್ತವರು ಯಾವ ಇಗರ್ಜಿಗೆ ಸೇರಿದವರೆಂದು ಕೇಳುವ ಮುನ್ನ, ಆ ವರ್ಷ ಹೂಳುತ್ತಿದ್ದುದು ಎಲ್ಲಿ ಎಂದು ಕೇಳಬೇಕು.

ಎರಡನೆಯ ತೊಡಕು ಹೆಸರಿನದು. ಗೌರಮ್ಮನೆಂದು ಹುಡುಕುವವನು ಕ್ಯಾಂಬೆಲ್ ಎಂಬ ಗಂಡನ ಮನೆತನದ ಹೆಸರಿನಲ್ಲಿಯೂ ನೋಡಬೇಕು. ಕನ್ನಡದ ಹೆಸರನ್ನು ಆಂಗ್ಲ ಗುಮಾಸ್ತನು ಕಿವಿಗೆ ಬಿದ್ದಂತೆ ಬರೆಯುವನಷ್ಟೆ. ಮೂರನೆಯದೇ ನನಗೆ ಮುಖ್ಯವೆಂದು ತೋರುತ್ತದೆ. 1813ರಿಂದ ಇಗರ್ಜಿಗಳಲ್ಲಿ ಬಳಕೆಗೆ ಬಂದ ಅಚ್ಚಿನ ಮರಣಪುಸ್ತಕದಲ್ಲಿ ಹೆಸರು, ವಾಸಸ್ಥಳ, ಹೂಳಿದ ದಿನ, ವಯಸ್ಸು, ಸಂಸ್ಕಾರ ಮಾಡಿದವರು ಎಂಬ ಅಂಕಣಗಳುಂಟು. ತಂದೆಯ ಹೆಸರಿಗೆ ಅಂಕಣವೇ ಇಲ್ಲ. ನಮ್ಮ ಶ್ರಾದ್ಧವು ವಂಶವನ್ನು ಹೇಳಿ ಸ್ಥಳವನ್ನು ಬಿಡುತ್ತದೆ. ಆ ಪುಸ್ತಕವು ದಿನವನ್ನೂ ವಯಸ್ಸನ್ನೂ ಹೇಳಿ ವಂಶವನ್ನು ಬಿಡುತ್ತದೆ. ಆದುದರಿಂದ ಮರಣಪುಸ್ತಕದಲ್ಲಿ ಹೆಸರು ಸಿಕ್ಕಿದೊಡನೆ ಹುಡುಕಾಟ ಮುಗಿಯಿತೆಂದು ತಿಳಿಯಬಾರದು. 1837ರಿಂದ ವಿವಾಹದಫ್ತರಿನಲ್ಲಿ ವಧೂವರರ ತಂದೆಯರ ಹೆಸರನ್ನೂ ವೃತ್ತಿಯನ್ನೂ ಬರೆಯುವ ನಿಯಮವಾಯಿತು. ಜ್ಞಾನಸ್ನಾನದ ಪುಸ್ತಕದಲ್ಲಿಯೂ ತಂದೆತಾಯಿಗಳ ಹೆಸರಿಗೆ ಅಂಕಣವುಂಟು. ಸಮಾಧಿಯಿಂದ ವಿವಾಹಕ್ಕೆ, ವಿವಾಹದಿಂದ ತಂದೆಗೆ ಏರಿದರೆ ಮಾತ್ರ ಬ್ರಾಂಪ್ಟನ್ನಿನ ಶ್ರೀಮತಿ ಕ್ಯಾಂಬೆಲ್ ಹಾಲೇರಿಯ ಮನೆಯ ಮಗಳಾಗುವಳು.

ಅಲ್ಲಿಂದ ಮುಂದಕ್ಕೆ ಆಂಗ್ಲರ ಪುಸ್ತಕಗಳು ನಿಲ್ಲುತ್ತವೆ. ಲಿಂಗರಾಜೇಂದ್ರನನ್ನು ಕಾಣಬೇಕಾದವರು ಮಡಿಕೇರಿಯ ಗದ್ದುಗೆಗೇ ಬರಬೇಕು.